ಕಾಶಿಯ ವಿದ್ಯಾರ್ಥಿನಿಲಯವೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ

ಕಳೆದ ಆಷಾಢದ ಒಂದು ಮಧ್ಯಾಹ್ನ ಕಂಪ್ಲಿ ತಾಲ್ಲೂಕಿನ ಮೆಟ್ರಿ ಗ್ರಾಮದ ರೈತ ಗೃಹಸ್ಥರೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಪತ್ರಿಕೆಯ ಚಂದಾಹಣವನ್ನು ಸಲ್ಲಿಸುವುದು ಅವರ ಬರವಿಗೆ ನೆಪ. ನಿಜವಾದ ಕಾರಣವು ಬೇರೆಯಾಗಿತ್ತು. ಅವರ ಮಗನು ಕಾಶಿಯಲ್ಲಿ ಇಂಜನಿಯರಿಂಗ್ ಓದುತ್ತಿದ್ದಾನೆ. ಈ ವರ್ಷ ತನ್ನನ್ನು ಹಳೆಯ ಕೊಠಡಿಯಿಂದ ಬಿಡಿಸಿ ವಿಶ್ವೇಶ್ವರಯ್ಯ ವಿದ್ಯಾರ್ಥಿನಿಲಯಕ್ಕೆ ಸೇರಿಸಿದ್ದಾರೆಂದು ಆತನು ಫೋನಿನಲ್ಲಿ ತಿಳಿಸಿದನಂತೆ. ತಂದೆಗೆ ಪರಮಸಂತೋಷವಾಯಿತು. ಕಾಶೀ ವಿಶ್ವೇಶ್ವರನ ಹೆಸರಿನ ಛತ್ರದಲ್ಲಿ ಮಗನಿಗೆ ಇಂಬು ದೊರೆತ ಮೇಲೆ ಇನ್ನು ಚಿಂತೆಯಿಲ್ಲವೆಂದು ಅವರು ಭಾವಿಸಿದ್ದರು. ತಾವೂ ಒಮ್ಮೆ ಹೋಗಿ ಗಂಗಾಸ್ನಾನವನ್ನು ತೀರಿಸಿಕೊಂಡು ಅದೇ ಛತ್ರದಲ್ಲಿ ಎರಡು ದಿನ ಇಳಿದುಕೊಳ್ಳಬಹುದೇ ಎಂಬುದನ್ನು ವಿಚಾರಿಸಿ ತಿಳಿಯಲು ಬಂದಿದ್ದರು.

ಅದು ದೇವರ ಹೆಸರಲ್ಲ, ಮನುಷ್ಯರೊಬ್ಬರ ಹೆಸರು. ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿಸಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಎಂದು ನಾವು ಹೇಳಿದಾಗ ಅವರ ಮುಖದಲ್ಲಿ ಕೊಂಚ ನಿರಾಶೆ ತೋರಿತು. ಆದರೂ ಅವರು ಎದ್ದು ಹೋಗಲಿಲ್ಲ. ಅಷ್ಟು ದೂರದ ಕಾಶಿಯಲ್ಲಿ ನಮ್ಮ ನಾಡಿನವರ ಹೆಸರೇಕೆ, ಅವರು ಅಲ್ಲಿ ಓದಿದವರೇ, ಆ ಮನೆಯಲ್ಲಿ ವಾಸವಾಗಿದ್ದವರೇ ಎಂದು ಒಂದರ ಮೇಲೊಂದರಂತೆ ಕೇಳಿದರು. ಪ್ರಶ್ನೆಗಳು ಯೋಗ್ಯವಾದುವೇ ಸರಿ. ಓದು ಬಲ್ಲವರಲ್ಲಿಯೂ ವಿಶ್ವೇಶ್ವರಯ್ಯನವರೆಂದರೆ ಜರಿಯ ಪೇಟವನ್ನೂ ಕನ್ನಂಬಾಡಿಯನ್ನೂ ಹೇಳಿ ಸುಮ್ಮನಾಗುವವರೇ ಹೆಚ್ಚು. ಹೆಚ್ಚೆಂದರೆ ಸರ್ಕಾರದ ಮೇಣದಬತ್ತಿ, ಸ್ವಂತದ ಮೇಣದಬತ್ತಿ ಎಂಬ ಆ ಶಾಲಾಪುಸ್ತಕದ ಕಥೆಯೊಂದನ್ನು ಸೇರಿಸಿಯಾರು. ಅಂಥ ಕಥೆಗಳಿಗೆ ಇಲ್ಲಿ ಎಡೆಯಿಲ್ಲ. ಅಂದು ಆ ಗೃಹಸ್ಥರಿಗೆ ಹೇಳಿದುದನ್ನೂ, ಮಾತಿನ ಭರದಲ್ಲಿ ಹೇಳದೆ ಬಿಟ್ಟುದನ್ನೂ ಕೂಡಿಸಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಕಾಶಿಯ ಮಾತು. ಪಂಡಿತ ಮದನಮೋಹನ ಮಾಳವೀಯರು ದೇಶವನ್ನೆಲ್ಲ ಸುತ್ತಿ, ರಾಜರಿಂದ ಹಿಡಿದು ಸಾಮಾನ್ಯರವರೆಗೆ ಎಲ್ಲರಲ್ಲಿಯೂ ಬೇಡಿ ಕೂಡಿಸಿದ ದ್ರವ್ಯದಿಂದ ಹಿಂದೂ ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ಅದರ ಪ್ರಥಮ ಕುಲಾಧಿಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರು. ಅದೇ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿತು. ಅದರ ಕುಲಾಧಿಪತಿಗಳೂ ಅವರೇ, ಆಗ ಅವರ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಒಬ್ಬರೇ ದೊರೆಯ ಕೈ ಗಂಗಾತೀರದ ಒಂದು ವಿದ್ಯಾಪೀಠದ ಮೇಲೂ ಕಾವೇರೀ ಸೀಮೆಯ ಇನ್ನೊಂದರ ಮೇಲೂ ಒಂದೇ ಕಾಲದಲ್ಲಿ ಇದ್ದಿತು. ಕಾಶಿಯ ಇಂಜನಿಯರಿಂಗ್ ಕಾಲೇಜು ೧೯೧೯ರಲ್ಲಿ ಪ್ರಾರಂಭವಾಗಿ, ೧೯೬೮ರಲ್ಲಿ ಇತರ ಸೋದರ ಕಾಲೇಜುಗಳೊಡನೆ ಕೂಡಿ, ೨೦೧೨ರಲ್ಲಿ ಐ.ಐ.ಟಿ. ಎಂಬ ಹೆಸರನ್ನು ಪಡೆಯಿತು. ಅಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿ ಮೋರ್ವಿ, ಲಿಂಬ್ಡಿ, ರಾಜಪುತಾನಾ ಎಂಬ ಸಂಸ್ಥಾನಗಳ ಮತ್ತು ಸೀಮೆಗಳ ಹೆಸರುಗಳುಂಟು. ರಾಮಾನುಜನ್, ಸಿ. ವಿ. ರಾಮನ್ ಮುಂತಾದ ಶಾಸ್ತ್ರಜ್ಞರ ಹೆಸರುಗಳುಂಟು. ಅವುಗಳ ನಡುವೆ ವಿಶ್ವೇಶ್ವರಯ್ಯನವರದೊಂದು. ವಿಶ್ವೇಶ್ವರನ ಊರಿನಲ್ಲಿ ವಿಶ್ವೇಶ್ವರಯ್ಯನವರ ಹೆಸರು ಸೇರಿಕೊಂಡುದರಿಂದ ಮೆಟ್ರಿಯ ಗೃಹಸ್ಥರಿಗೆ ಭ್ರಾಂತಿಯುಂಟಾದುದು ಆಶ್ಚರ್ಯವಲ್ಲ.

ಅವರು ಅಲ್ಲಿ ಓದಿದವರಲ್ಲ. ಅವರು ಓದುವ ಕಾಲಕ್ಕೆ ಆ ವಿದ್ಯಾಲಯವೇ ಇರಲಿಲ್ಲ. ಇನ್ನೂ ಒಂದು ಮಾತು. ಇಂಥ ಹೆಸರಿನ ಮನೆಯಲ್ಲಿ ಇಂದು ನೂರಾರು ಬಾಲಕರು ಮಂಚ, ಮೇಜು, ದೀಪ, ಎರಡು ಹೊತ್ತಿನ ಊಟ ಎಲ್ಲವನ್ನೂ ಪಡೆದು ಓದುತ್ತಿರುವಾಗ, ಆ ಹೆಸರಿನವರು ತಾವು ಕಾಲೇಜು ಓದಿದ ದಿನಗಳಲ್ಲಿ ಊಟ ಒಂದು ಮನೆಯಲ್ಲಿ, ನಿದ್ರೆ ಇನ್ನೊಂದು ಮನೆಯಲ್ಲಿ ಎಂಬ ಸ್ಥಿತಿಯಲ್ಲಿದ್ದರು. ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ವಿಶ್ವೇಶ್ವರಯ್ಯನವರ ಜನನವು ೧೮೬೧ನೆಯ ಸೆಪ್ಟೆಂಬರ್ ೧೫ರಂದು, ಆಗಿನ ಕೋಲಾರ ಸೀಮೆಗೆ ಸೇರಿದ್ದು ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ಆಂಧ್ರಸೀಮೆಯ ಮೋಕ್ಷಗುಂಡದಿಂದ ಬಂದವರು. ಮನೆಯ ಮಾತು ತೆಲುಗು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ವಿದ್ವತ್ತಿಗೆ ಕೊರತೆಯಿಲ್ಲದ, ಹಣಕ್ಕೆ ಕೊರತೆಯಿದ್ದ ಮನೆ. ಬಾಲಕನು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ತಂದೆಯವರು ಗತಿಸಿದರು. ವಿಧವೆಯಾದ ತಾಯಿ ಮಗನ ಓದನ್ನು ನಿಲ್ಲಿಸಲಿಲ್ಲ. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರಿದ್ದರು. ಅವರ ಆಶ್ರಯದಲ್ಲಿ ಬಾಲಕನು ವೆಸ್ಲಿಯನ್ ಮಿಷನ್ ಪ್ರೌಢಶಾಲೆಯನ್ನೂ ಅನಂತರ ಸೆಂಟ್ರಲ್ ಕಾಲೇಜನ್ನೂ ಸೇರಿದನು.

ಮಾವನ ಮನೆಯಲ್ಲಿ ಅನ್ನವಿದ್ದಿತು. ಕಾಲೇಜಿನ ವೆಚ್ಚಕ್ಕೆ ಹಣವಿರಲಿಲ್ಲ. ಮೈಸೂರು ಸರ್ಕಾರದ ಅಧಿಕಾರಿಗಳಾಗಿದ್ದ ಮುದ್ದಯ್ಯನವರೆಂಬ ಕೊಡಗಿನ ಮಹನೀಯರೊಬ್ಬರು ತಮ್ಮ ಮಕ್ಕಳಿಗೆ ಪಾಠ ಹೇಳುವುದಕ್ಕಾಗಿ ಈ ತರುಣನನ್ನು ನೇಮಿಸಿಕೊಂಡರು. ರಾತ್ರಿ ಅವರ ಮನೆಯಲ್ಲಿ ಪಾಠ, ಅಲ್ಲಿಯೇ ಮಲಗುವುದು. ಊಟಕ್ಕೆ ಮಾವನ ಮನೆಗೆ ನಡೆದು ಬರುವುದು. ಅಲ್ಲಿಂದ ಕಾಲೇಜಿಗೆ ನಡೆಯುವುದು. ಸಂಜೆ ಮತ್ತೆ ಅದೇ ಸುತ್ತು. ಹೀಗೆ ವರುಷಗಟ್ಟಲೆ ನಡೆಯಿತು. ದೀರ್ಘಾಯುಷ್ಯದ ಕೊನೆಯವರೆಗೂ ಅವರಲ್ಲಿ ಕಂಡುಬರುತ್ತಿದ್ದ ಸಮಯಪಾಲನೆಯ ಕಟ್ಟುನಿಟ್ಟನ್ನೂ ನಡಿಗೆಯ ಅಭ್ಯಾಸವನ್ನೂ ಎಲ್ಲರೂ ಕೊಂಡಾಡುತ್ತಾರೆ. ಮೂರು ಬಾಗಿಲುಗಳ ನಡುವೆ ದಿನವನ್ನು ಹಂಚಿಕೊಳ್ಳಬೇಕಾದ ಹುಡುಗನಿಗೆ ಆ ಗುಣಗಳು ಅನಿವಾರ್ಯವಾಗಿದ್ದುವೆಂದು ನಮಗೆ ತೋರುತ್ತದೆ. ಮಾವನಾಗಲಿ ಮುದ್ದಯ್ಯನವರಾಗಲಿ ಇಲ್ಲದಿದ್ದ ಪಕ್ಷದಲ್ಲಿ ಆ ಹುಡುಗನು ಮುದ್ದೇನಹಳ್ಳಿಗೆ ಹಿಂದಿರುಗಿ ಪೌರೋಹಿತ್ಯವನ್ನೋ ಶಾನುಭೋಗರ ಬಳಿ ಲೆಕ್ಕ ಬರೆಯುವುದನ್ನೋ ಹಿಡಿಯುತ್ತಿದ್ದನು. ಅದೇ ವಯಸ್ಸಿನ, ಅಷ್ಟೇ ಬುದ್ಧಿಯ ಎಷ್ಟು ಮಂದಿ ಹುಡುಗರು ಮಲಗಲು ಜಗುಲಿಯಿಲ್ಲದೆ ಹಾಗೆ ಹಿಂದಿರುಗಿದರೋ, ಅವರ ಜೀವನಚರಿತ್ರೆಗಳನ್ನು ಬರೆದವರಿಲ್ಲ.

ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರು ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲರು. ಗಣಿತದಲ್ಲಿ ಈ ವಿದ್ಯಾರ್ಥಿಯ ಚುರುಕನ್ನು ಕಂಡು ಅವರು ವಿಶೇಷವಾದ ಆದರವನ್ನಿಟ್ಟಿದ್ದರು. ೧೮೮೧ರಲ್ಲಿ ಬಿ.ಎ. ಪರೀಕ್ಷೆ ತೇರ್ಗಡೆಯಾಯಿತು. ಅದೇ ವರ್ಷ ಮೈಸೂರು ರಾಜ್ಯವು ಆಂಗ್ಲರ ಕೈಯಿಂದ ಒಡೆಯರ ವಂಶಕ್ಕೆ ಹಿಂದಿರುಗಿ ರಂಗಾಚಾರ್ಲು ಅವರು ದಿವಾನರಾಗಿದ್ದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ದೊರೆತು ತರುಣನು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಇಂಜನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿದನು. ಮುಂದಿನ ವರ್ಷ ಮುಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜನಿಯರ್ ಹುದ್ದೆ ಲಭಿಸಿತು. ಮಾವನ ಅನ್ನ, ಕೊಡಗಿನವರ ಮನೆಯ ಒಂದು ಮೂಲೆ, ಆಂಗ್ಲ ಗುರುವಿನ ಶಿಫಾರಸು, ಮೈಸೂರಿನ ಬೊಕ್ಕಸದ ಹಣ, ಮರಾಠರ ಊರಿನ ಕಾಲೇಜು, ಇಷ್ಟೂ ಸೇರಿ ಒಬ್ಬ ಇಂಜನಿಯರು ಸಿದ್ಧರಾದರು.

ಮುಂಬಾಯಿ ಸರ್ಕಾರದ ಸೇವೆಯ ಇಪ್ಪತ್ತನಾಲ್ಕು ವರ್ಷಗಳ ಎಲ್ಲ ಕಾರ್ಯಗಳನ್ನೂ ಇಲ್ಲಿ ಹೇಳತೊಡಗಿದರೆ ಪುಟ ಸಾಲದು. ನಾಸಿಕ, ಖಾನದೇಶ, ಸಿಂಧ್, ಪುಣೆ ಎಂದು ಅವರು ತಿರುಗದ ಕಡೆಯಿಲ್ಲ. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಸಿಂಧೂನದಿಯ ಕೆಸರುನೀರನ್ನು ಕುಡಿಯುವಂತೆ ಮಾಡಬೇಕಾಗಿ ಬಂದಾಗ, ಪುರಸಭೆಗೆ ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟುವ ಹಣವಿರಲಿಲ್ಲ. ನದಿಯ ಪಾತ್ರದ ಮರಳನ್ನೇ ಶೋಧಕವನ್ನಾಗಿ ಮಾಡಿಕೊಂಡು ಅಲ್ಲಿಯೇ ಬಾವಿ ತೆಗೆಯಿಸಿ, ತಿಳಿಯಾಗಿ ಇಳಿದ ನೀರನ್ನು ಊರಿಗೆ ಏರಿಸಿದರು. ನಮ್ಮ ತುಂಗಭದ್ರೆಯ ದಡದ ಹೆಂಗಸರು ಬೇಸಗೆಯಲ್ಲಿ ಮರಳಿನಲ್ಲಿ ವರತೆ ತೋಡಿ ತಿಳಿನೀರು ತುಂಬಿಕೊಳ್ಳುವುದನ್ನು ನೋಡಿದವರಿಗೆ ಇದರ ತತ್ವವು ಹೊಸದಲ್ಲ. ಅದನ್ನು ಒಂದು ಪಟ್ಟಣಕ್ಕೆ ಸಾಲುವಂತೆ ಲೆಕ್ಕ ಹಾಕಿ ಮಾಡಿದುದು ಹೊಸದು.

ಅವರ ಸ್ವಯಂಚಾಲಿತ ಬಾಗಿಲುಗಳ ವಿಷಯವನ್ನು ಹೊಸಪೇಟೆ ಕಂಪ್ಲಿಗಳ ವಾಚಕರು ಇತರರಿಗಿಂತ ಹೆಚ್ಚು ಅಕ್ಕರೆಯಿಂದ ಓದಬೇಕು. ಪುಣೆಗೆ ನೀರೊದಗಿಸುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದುಹೋಗುತ್ತಿತ್ತು. ಬೇಸಗೆಗೆ ನೀರು ಸಾಲುತ್ತಿರಲಿಲ್ಲ. ಕಟ್ಟೆಯನ್ನೇ ಎತ್ತರಿಸಿದರೆ ಅಪಾರ ವೆಚ್ಚ, ಕಟ್ಟೆಗೂ ಅಪಾಯ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಬಾಗಿಲುಗಳನ್ನು ನಿಲ್ಲಿಸಿ ಸುಮಾರು ಎಂಟು ಅಡಿ ನೀರು ಹೆಚ್ಚಾಗಿ ನಿಲ್ಲುವಂತೆ ಮಾಡಿದರು. ಪ್ರವಾಹವು ಮೇರೆಯನ್ನು ಮೀರಿದೊಡನೆ ಭಾರದ ಸಮತೋಲದಿಂದ ಬಾಗಿಲುಗಳು ತಾವಾಗಿಯೇ ತೆರೆಯುವುವು. ನೀರಿಳಿದೊಡನೆ ತಾವಾಗಿಯೇ ಮುಚ್ಚುವುವು. ನಡುರಾತ್ರಿಯಲ್ಲಿ ಕಾವಲುಗಾರನು ಎಚ್ಚತ್ತಿರಲಿ ನಿದ್ರಿಸಲಿ, ಬಾಗಿಲು ತನ್ನ ಕೆಲಸವನ್ನು ತಪ್ಪುವಂತಿಲ್ಲ. ಈ ನಿರ್ಮಾಣಕ್ಕೆ ಅವರು ಸ್ವಾಮ್ಯಪತ್ರವನ್ನು ಪಡೆದರಾದರೂ, ಸರ್ಕಾರದ ಸಂಬಳದಲ್ಲಿದ್ದು ಮಾಡಿದ ಕೆಲಸಕ್ಕೆ ಪ್ರತ್ಯೇಕ ಗೌರವಧನವನ್ನು ಪಡೆಯಲು ಒಪ್ಪಲಿಲ್ಲ. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಇಂಥ ಬಾಗಿಲುಗಳನ್ನು ಇಡಲಾಯಿತು.

೨೦೨೪ರ ಆಗಸ್ಟ್ ೧೦ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋದುದನ್ನು ಇಲ್ಲಿಯ ಯಾರೂ ಮರೆತಿರಲಾರರು. ತುಂಬಿ ನಿಂತಿದ್ದ ನೀರು ಕಣ್ಣೆದುರಿಗೆ ನದಿಗೆ ಹೋಗುತ್ತಿದ್ದಾಗ, ಹರಿಯುವ ನೀರಿನಲ್ಲಿಯೇ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗಾಗಿ ಆ ಬಾಯನ್ನು ಮುಚ್ಚಿದ ಇಂಜನಿಯರುಗಳಿಗೂ ಕೂಲಿಕಾರರಿಗೂ ನಾಲ್ಕು ಜಿಲ್ಲೆಗಳ ರೈತರು ಮನೆದೇವರಿಗೆಂಬಂತೆ ಕೈಮುಗಿದರು. ಒಂದು ಬಾಗಿಲಿನ ಬೆಲೆ ಏನೆಂಬುದು ನಮಗೆ ಅಂದು ತಿಳಿಯಿತು.

ಅವರ ಇನ್ನೊಂದು ಕ್ರಮವೂ ನಮ್ಮ ಕಾಲುವೆಗಳ ಸೀಮೆಗೆ ಸಂಬಂಧಪಟ್ಟುದು. ದಖ್ಖನಿನ ಕಾಲುವೆಗಳಲ್ಲಿ ಮೇಲ್ಭಾಗದ ಬಲಿಷ್ಠರು ಕಬ್ಬಿಗೆ ಮನಬಂದಂತೆ ನೀರು ಹಾಯಿಸಿಕೊಂಡು, ಕೆಳಭಾಗದವರು ಬಾಯಿ ಬಿಡುವುದು ವಾಡಿಕೆಯಾಗಿತ್ತು. ನೆಲವನ್ನು ಖಂಡಖಂಡವಾಗಿ ವಿಭಾಗಿಸಿ, ಪ್ರತಿಯೊಂದು ಖಂಡದಲ್ಲಿಯೂ ಬಹುನೀರಿನ ಪೈರು ಒಂದು ಪಾಲಿನಲ್ಲಿ ಮಾತ್ರ, ಉಳಿದ ಪಾಲುಗಳಲ್ಲಿ ಕಡಿಮೆ ನೀರಿನ ಪೈರು, ವರ್ಷಕ್ಕೊಮ್ಮೆ ಪಾಲುಗಳ ಬದಲಾವಣೆ ಎಂಬ ಪದ್ಧತಿಯನ್ನು ಅವರು ತಂದರು. ಇದರಿಂದ ಹೆಚ್ಚು ಹಳ್ಳಿಗಳಿಗೆ ನೀರು ಮುಟ್ಟಿತು. ನೆಲ ಜೌಗಾಗುವುದೂ ತಪ್ಪಿತು. ಮೊದಮೊದಲು ರೈತರು ಇದನ್ನು ಬಲವಾಗಿ ಸಂಶಯಿಸಿದರು. ತುಂಗಭದ್ರೆಯ ಎಡದಂಡೆಯ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿ, ರಾಯಚೂರಿನ ಕಡೆಯ ಕೊನೆಯ ಹಳ್ಳಿಗಳಿಗೆ ನೀರಿನ ಬದಲು ಧರಣಿ ಮತ್ತು ಮನವಿಪತ್ರಗಳು ಮಾತ್ರ ಉಳಿದಿರುವ ಈ ಕಾಲದಲ್ಲಿ, ನೂರು ವರ್ಷಗಳಿಗೂ ಹಿಂದಿನ ಆ ಕಾಗದಗಳನ್ನು ನಮ್ಮ ನೀರಾವರಿ ಅಧಿಕಾರಿಗಳು ಮತ್ತೊಮ್ಮೆ ತೆಗೆದು ನೋಡಿದರೆ ನಷ್ಟವೇನೂ ಇಲ್ಲ.

ಅತ್ಯುನ್ನತ ಪದವಿಗಳು ಭಾರತೀಯರಿಗೆ ದುರ್ಲಭವಾಗಿದ್ದ ಆ ಇಲಾಖೆಯನ್ನು ಅವರು ತಾವಾಗಿಯೇ ಬಿಟ್ಟು ವಿದೇಶಪ್ರವಾಸಕ್ಕೆ ಹೊರಟರು. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿಯು ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರ್ಕಾರದ ಕರೆಗೆ ಓಗೊಟ್ಟು ಬಂದ ಅವರು ಊರಿನ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿಗೂ ಒಂದೊಂದು ಜಲಾಶಯವನ್ನು ಕಟ್ಟಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂದು ಹೆಸರಾದುವು ಅವೇ. ಅಲ್ಲಿಂದ ೧೯೦೯ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜನಿಯರ್ ಪದವಿ. ಕೃಷ್ಣರಾಜಸಾಗರದ ಚರಿತ್ರೆಯು ಸರ್ವವಿದಿತವಾದುದರಿಂದ ಅದನ್ನು ಬೆಳಸುವುದಿಲ್ಲ. ೧೯೧೧ರಲ್ಲಿ ಕೆಲಸ ಪ್ರಾರಂಭ. ಮದರಾಸು ಸರ್ಕಾರದವರ ತಕರಾರಿನ ದೆಸೆಯಿಂದ ಮೊದಲಿಗೆ ಎಂಬತ್ತು ಅಡಿಗೆ ಮಾತ್ರ ಒಪ್ಪಿಗೆ. ಆದರೆ ತಳಪಾಯವನ್ನು ಮಾತ್ರ ನೂರ ಇಪ್ಪತ್ತನಾಲ್ಕು ಅಡಿಯ ಕಟ್ಟೆಗೆ ತಕ್ಕಂತೆ ಅಗಲವಾಗಿ ಹಾಕಿಸಿದರು. ಮುಂದೆ ಒಪ್ಪಿಗೆ ಬಂದಿತು, ಕಟ್ಟೆಯೂ ಏರಿತು. ಸಿಮೆಂಟಿನ ಬದಲು ಸುರ್ಕಿಯ ಗಾರೆಯಿಂದ ಕಟ್ಟಿದ ಆ ಕಟ್ಟೆಯಿಂದ ಮಂಡ್ಯದ ಸೀಮೆ ಹಸುರಾಯಿತು. ಊರು ಬಿಟ್ಟು ಎದ್ದ ಹಳ್ಳಿಗರ ದುಃಖವೂ ಅದರ ಲೆಕ್ಕಕ್ಕೆ ಸೇರತಕ್ಕುದೆಂಬುದನ್ನು ತುಂಗಭದ್ರೆಯಲ್ಲಿ ಮನೆಮಠಗಳನ್ನು ಕಳೆದುಕೊಂಡವರಿರುವ ಈ ಸೀಮೆಯ ಪತ್ರಿಕೆ ಮರೆಯಲಾಗದು.

೧೯೧೨ರಲ್ಲಿ ನಾಲ್ವಡಿಯವರು ಅವರನ್ನು ದಿವಾನರನ್ನಾಗಿ ಮಾಡಿದರು. ಇಂಜನಿಯರೊಬ್ಬರು ದಿವಾನರಾಗುವುದೆಂದರೆ ಆ ಕಾಲಕ್ಕೆ ಸೋಜಿಗದ ಸಂಗತಿ. ಅಧಿಕಾರವನ್ನು ಸ್ವೀಕರಿಸುವ ಮೊದಲು ಬಂಧುಗಳನ್ನೆಲ್ಲ ಕರೆದು, ತಮ್ಮಿಂದ ಯಾರೂ ಉಪಕಾರವನ್ನು ಅಪೇಕ್ಷಿಸಕೂಡದೆಂದು ಮಾತು ಪಡೆದರೆಂಬುದು ಪ್ರಸಿದ್ಧವಾಗಿದೆ. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾನಿಲಯ, ಬೆಂಗಳೂರಿನ ಇಂಜನಿಯರಿಂಗ್ ಕಾಲೇಜು, ಹೆಬ್ಬಾಳದ ವ್ಯವಸಾಯ ಶಾಲೆ ಒಂದರ ಹಿಂದೊಂದು ಬಂದುವು. ನಮ್ಮ ಪ್ರಸ್ತುತ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು ಶಾಲೆಗಳ ವಿಸ್ತಾರ. ಅವರ ಆಡಳಿತಕಾಲದಲ್ಲಿ ಮೈಸೂರು ಸೀಮೆಯ ವಿದ್ಯಾರ್ಥಿಗಳ ಸಂಖ್ಯೆಯು ಸುಮಾರು ೧,೪೦,೦೦೦ದಿಂದ ೩,೬೬,೦೦೦ಕ್ಕೆ ಏರಿತು. ಮೈಸೂರಿನ ಮಹಾರಾಣಿ ಕಾಲೇಜು ಮೇಲಿನ ದರ್ಜೆಗೇರಿತು. ಹೊರ ಊರುಗಳ ಹೆಣ್ಣುಮಕ್ಕಳು ಬಂದು ಓದುವಂತೆ ಅವರಿಗೆ ವಿದ್ಯಾರ್ಥಿನಿಲಯವೂ ತೆರೆಯಲ್ಪಟ್ಟಿತು. ಮಗಳನ್ನು ಪರಸ್ಥಳದಲ್ಲಿ ಇರಿಸಿ ಓದಿಸುವುದೆಂದರೆ ಮನೆತನದ ಮರ್ಯಾದೆಯ ಪ್ರಶ್ನೆಯಾಗಿದ್ದ ಆ ಕಾಲದಲ್ಲಿ ಅದು ಕಟ್ಟೆ ಕಟ್ಟುವುದಕ್ಕಿಂತ ಸುಲಭದ ಕೆಲಸವಾಗಿರಲಿಲ್ಲ.

ಇನ್ನು ಅವರ ಜೀವನದ ವಿವಾದದ ಭಾಗಕ್ಕೆ ಬರುತ್ತೇವೆ. ಜಯಂತಿಯ ಭಾಷಣಗಳಲ್ಲಿ ಇದನ್ನು ಮುಚ್ಚಿಡುವುದು ವಾಡಿಕೆ. ಅದು ಸರಿಯಲ್ಲ. ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ, ಮೇಲಿನವುಗಳಲ್ಲಂತೂ, ಬ್ರಾಹ್ಮಣರೇ ತುಂಬಿದ್ದರು. ಇತರ ಜನಾಂಗಗಳ ಮುಖಂಡರು ಮಹಾರಾಜರಲ್ಲಿ ನ್ಯಾಯವನ್ನು ಬೇಡಿದರು. ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕೆಂದು ಆ ಸಮಿತಿಯು ಮುಂದೆ ಶಿಫಾರಸು ಮಾಡಿತು. ವಿಶ್ವೇಶ್ವರಯ್ಯನವರು ಈ ನೀತಿಯನ್ನು ಒಪ್ಪಲಿಲ್ಲ. ವಿದ್ಯೆಯನ್ನು ಎಲ್ಲರಿಗೂ ಹಂಚಬೇಕು, ಹುದ್ದೆಯನ್ನು ಮಾತ್ರ ಯೋಗ್ಯತೆಯಿಂದಲೇ ಕೊಡಬೇಕು ಎಂಬುದು ಅವರ ನಿಲುವು. ೧೯೧೮ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ಹೊರಬಿದ್ದರು. ಮನಸ್ತಾಪಗಳು ಬೇರೆಯೂ ಇದ್ದುವು. ಆದರೆ ಇದು ಮುಖ್ಯವಾದುದೆಂಬುದರಲ್ಲಿ ಸಂದೇಹವಿಲ್ಲ.

ಅವರ ಪ್ರಾಮಾಣಿಕತೆಯನ್ನು ಶಂಕಿಸುವ ಧೈರ್ಯ ನಮಗಿಲ್ಲ. ತಮ್ಮ ಬಂಧುಗಳಿಗೇ ಬಾಗಿಲು ಮುಚ್ಚಿದವರು ಸ್ವಜಾತಿಯ ಹಿತಕ್ಕಾಗಿ ಈ ಹಟವನ್ನು ಹಿಡಿದರೆನ್ನುವುದು ಅನ್ಯಾಯ. ಆದರೂ ಈ ವಿಷಯದಲ್ಲಿ ಮಹಾರಾಜರ ನಡೆಯೇ ದೂರದೃಷ್ಟಿಯುಳ್ಳದ್ದೆಂದು ನಾವು ಭಾವಿಸುತ್ತೇವೆ. ಯೋಗ್ಯತೆಯು ಪರೀಕ್ಷೆಯ ಕೊಠಡಿಯಲ್ಲಿ ಹುಟ್ಟುವುದಿಲ್ಲ. ಅಕ್ಷರ ಬಲ್ಲ ತಂದೆ, ಪಟ್ಟಣದಲ್ಲಿ ಒಬ್ಬ ಮಾವ, ಮಲಗಲು ಕರೆಯುವ ಒಬ್ಬ ಅಧಿಕಾರಿಯ ಮನೆ, ಇವು ಅದರ ಹಿಂದೆ ಇರುತ್ತವೆ. ಬಡವರಾದರೂ ವಿಶ್ವೇಶ್ವರಯ್ಯನವರಿಗೆ ಇವು ಒದಗಿದುವು. ಬೇಸಾಯಗಾರನ ಮಗನಿಗೂ ಕುರಿಗಾಹಿಯ ಮಗನಿಗೂ ಬೆಂಗಳೂರಿನಲ್ಲಿ ಮಾವನಿರಲಿಲ್ಲ. ಊರ ಹೊರಗಿನ ಕೇರಿಯ ಹುಡುಗನನ್ನಂತೂ, ಅವನು ಎಷ್ಟೇ ಬುದ್ಧಿವಂತನಾಗಿದ್ದರೂ, ಯಾವ ಮನೆಯವರೂ ಜಗುಲಿ ಹತ್ತಗೊಡುತ್ತಿರಲಿಲ್ಲ. ಯೋಗ್ಯತೆಯ ಮಾತನ್ನು ಅಷ್ಟು ದೃಢವಾಗಿ ಆಡಿದ ಮಹನೀಯರು ತಮ್ಮ ಹದಿನೆಂಟನೆಯ ವಯಸ್ಸಿನ ರಾತ್ರಿಗಳನ್ನು ಈ ಸಂಬಂಧದಲ್ಲಿ ನೆನೆಯಲಿಲ್ಲವಲ್ಲಾ ಎಂದು ನಮಗೆ ವ್ಯಥೆಯಾಗುತ್ತದೆ.

ಸರ್ಕಾರವು ತಡೆದಷ್ಟು ಕಾಲ ಜನರು ತಡೆಯಲಿಲ್ಲ. ಜನಾಂಗಗಳೇ ಕೈಹಾಕಿ ಮಕ್ಕಳ ವಸತಿಗೆ ಮನೆಗಳನ್ನು ಮಾಡತೊಡಗಿದುವು. ಮೈಸೂರು ಸೀಮೆಯಲ್ಲಿ ಒಕ್ಕಲಿಗರ ಸಂಘ ೧೯೦೬ರಲ್ಲಿಯೇ ಹುಟ್ಟಿತ್ತು. ಅದೇ ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯೂ, ನಮ್ಮ ಬಳ್ಳಾರಿಯಲ್ಲಿ ವೀರಶೈವ ವಿದ್ಯ‍ಾವರ್ಧಕ ಸಂಘವೂ ಸ್ಥಾಪಿತವಾದುವು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿಯೂ ಸಿದ್ಧಗಂಗೆಯಲ್ಲಿಯೂ ಉಂಡು ಓದಿದವರು ಇಂದು ನಾಡಿನ ಎಲ್ಲ ಕಚೇರಿಗಳಲ್ಲಿ ಕುಳಿತಿದ್ದಾರೆ. ಬಹುಕಾಲದ ಮೇಲೆ ಸರ್ಕಾರವೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ತಾಲ್ಲೂಕು ತಾಲ್ಲೂಕಿನಲ್ಲಿ ವಿದ್ಯಾರ್ಥಿನಿಲಯಗಳನ್ನು ತೆರೆಯಿತು. ಅವುಗಳ ಅನ್ನದ ಗುಣವನ್ನೂ ಸ್ನಾನದ ಮನೆಗಳ ಸ್ಥಿತಿಯನ್ನೂ ಕುರಿತು ನಮ್ಮ ಪತ್ರಿಕೆಗೆ ಬರುವ ದೂರುಗಳು ಎಷ್ಟೋ. ಆದರೂ ಅವುಗಳ ಬಾಗಿಲು ಒಂದು ತಿಂಗಳು ಮುಚ್ಚಿದರೆ ಎಷ್ಟು ಸಾವಿರ ಮಕ್ಕಳು ಕುರಿ ಮೇಯಿಸಲು ಹಿಂದಿರುಗುವರೆಂಬುದನ್ನು ಅಧಿಕಾರಿಗಳು ಎಣಿಸಿ ನೋಡಬೇಕು.

ಅಧಿಕಾರವು ಹೋದ ಮೇಲೆ ವಿಶ್ವೇಶ್ವರಯ್ಯನವರು ಕೈಕಟ್ಟಿ ಕುಳಿತವರಲ್ಲ. ೧೯೨೨ರ ಜನವರಿಯಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಗೂ ಸರ್ಕಾರಕ್ಕೂ ನಡುವೆ ಸಂಧಾನಕ್ಕಾಗಿ ಮಾಳವೀಯರು ಮೊದಲಾದವರು ಮುಂಬಾಯಿಯಲ್ಲಿ ಸರ್ವಪಕ್ಷಗಳ ಸಭೆಯನ್ನು ಕರೆದಾಗ, ಅಧ್ಯಕ್ಷ ಸರ್ ಶಂಕರನ್ ನಾಯರರು ನಡುವೆ ಎದ್ದು ಹೋದರು. ಆ ಪೀಠದಲ್ಲಿ ಕುಳಿತು ಸಭೆಯನ್ನು ನಡೆಸಿದವರು ವಿಶ್ವೇಶ್ವರಯ್ಯನವರು. ಮಾಳವೀಯರ ಕಾಶಿಯೊಡನೆ ಅವರ ಹೆಸರನ್ನು ಕೂಡಿಸುವವರು ಈ ಪ್ರಸಂಗವನ್ನೂ ನೆನೆಯಬೇಕು. ಚರಕದಲ್ಲಿ ದೇಶದ ಬಿಡುಗಡೆಯನ್ನು ಕಂಡವರು ಗಾಂಧೀಜಿ. ಯಂತ್ರದಲ್ಲಿ ಅದನ್ನು ಕಂಡವರು ಇವರು. ಅಭಿಪ್ರಾಯ ಬೇರೆಯಾದರೂ ಪರಸ್ಪರ ಗೌರವಕ್ಕೆ ಕುಂದಿರಲಿಲ್ಲ. ೧೯೩೪ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಅವರು ಗ್ರಂಥವನ್ನೇ ಬರೆದರು. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳಿಗೆ ಇನ್ನೂ ಹದಿನೇಳು ವರ್ಷಗಳಿದ್ದುವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿ ನಷ್ಟದಲ್ಲಿ ಮುಳುಗುವಂತಾದಾಗ ಮಹಾರಾಜರ ಸರ್ಕಾರವು ಅವರನ್ನೇ ಕರೆಯಿತು. ೧೯೨೯ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದು ಅದನ್ನು ನೆಲೆಗೆ ತಂದರು. ಆ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ; ಬಡ ಹುಡುಗರಿಗೆ ಕೈಕಸುಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಅದು ಪ್ರಾರಂಭವಾದಾಗ ಅವರ ಹೆಸರನ್ನೇ ಇಡಬೇಕೆಂಬ ಸಲಹೆಯು ಬಂದಿತು. ಅವರು ಒಪ್ಪದೆ, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. ತಾವು ಹಣ ಕೊಟ್ಟ ಶಾಲೆಗೆ ತಮ್ಮ ಹೆಸರು ಬೇಡವೆಂದವರ ಹೆಸರು ಈಗ ಕಬ್ಬಿಣದ ಕಾರ್ಖಾನೆಗೆ, ಬೆಂಗಳೂರಿನ ಕಾಲೇಜಿಗೆ, ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ, ಲೆಕ್ಕವಿಲ್ಲದಷ್ಟು ಬೀದಿಗಳಿಗೆ. ಇವುಗಳಲ್ಲಿ ಎಷ್ಟನ್ನು ಅವರು ಒಪ್ಪುತ್ತಿದ್ದರೋ ತಿಳಿಯದು. ಕಾಶಿಯ ವಿದ್ಯಾರ್ಥಿನಿಲಯವನ್ನು ಮಾತ್ರ ಬಹುಶಃ ಬೇಡವೆನ್ನುತ್ತಿರಲಿಲ್ಲ.

ತೊಂಬತ್ತು ದಾಟಿದ ಮೇಲೆಯೂ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬುದನ್ನು ತೀರ್ಮಾನಿಸಲು ಸ್ವತಂತ್ರ ಭಾರತದ ಸರ್ಕಾರವು ಅವರನ್ನು ಕಳುಹಿಸಿತು. ಮೊಕಾಮಾ ಎಂಬಲ್ಲಿ ಕಟ್ಟಬಹುದೆಂದು ಅವರು ಸೂಚಿಸಿದರು. ಕಾಶಿಯನ್ನು ದಾಟಿ ಹರಿದ ಗಂಗೆಯ ಮೇಲೆ ಅವರ ಬುದ್ಧಿಯ ಗುರುತೊಂದು ಹೀಗೆ ಉಳಿದಿದೆ. ೧೯೫೫ರಲ್ಲಿ ಭಾರತರತ್ನವನ್ನು ಪಡೆದರು. ನೂರು ವರ್ಷ ತುಂಬಿದ ಮೇಲೆ ೧೯೬೨ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲವಾದರು, ಸಮಾಧಿಯು ಮುದ್ದೇನಹಳ್ಳಿಯಲ್ಲಿದೆ.

ಕಾಶಿಯ ಆ ಮನೆಯಲ್ಲಿ ಈಗ ಹಿಂದಿ, ತೆಲುಗು, ವಂಗ, ಕನ್ನಡ ಮೊದಲಾದ ನಾನಾ ಭಾಷೆಗಳ ಹುಡುಗರಿದ್ದಾರೆ. ಐ.ಐ.ಟಿ.ಗಳಲ್ಲಿ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಸ್ಥಾನಗಳು ಮೀಸಲಾಗಿರುವುದರಿಂದ, ವಿಶ್ವೇಶ್ವರಯ್ಯನವರು ಹುದ್ದೆಗಳ ವಿಷಯದಲ್ಲಿ ಯಾವ ತತ್ವವನ್ನು ಒಪ್ಪದೆ ದಿವಾನಗಿರಿಯನ್ನು ಬಿಟ್ಟರೋ ಆ ತತ್ವದಿಂದಲೇ ಪ್ರವೇಶ ಪಡೆದ ಬಾಲಕರೂ ಅವರ ಹೆಸರಿನ ಛಾವಣಿಯ ಕೆಳಗೆ ಮಲಗುತ್ತಾರೆ. ಆ ಮಕ್ಕಳಲ್ಲಿ ಒಬ್ಬನು ನಾಳೆ ತುಂಗಭದ್ರೆಯ ಹೊಸ ಬಾಗಿಲಿಗೆ ನಕ್ಷೆ ಬರೆಯಬಹುದು.

ಮೆಟ್ರಿಯ ಗೃಹಸ್ಥರಿಗೆ ಇದಿಷ್ಟನ್ನೂ ನಾವು ಇಷ್ಟು ವಿಸ್ತಾರವಾಗಿ ಹೇಳಲಿಲ್ಲ. ಕೊಡಗಿನವರ ಮನೆಯಲ್ಲಿ ಪಾಠ ಹೇಳಿ ಮಲಗಿಕೊಂಡು, ಊಟಕ್ಕೆ ಮಾವನ ಮನೆಗೆ ನಡೆದು ಬರುತ್ತಿದ್ದ ಸಂಗತಿಯನ್ನು ಕೇಳಿದಾಗ ಮಾತ್ರ ಅವರು ಬಹಳ ಹೊತ್ತು ಮಾತನಾಡದೆ ಕುಳಿತರು. ತಾವು ಏಳನೆಯ ತರಗತಿಗೆ ಓದು ನಿಲ್ಲಿಸಿದುದು ಕಂಪ್ಲಿಯಲ್ಲಿ ಉಳಿಯಲು ಮನೆಯಿಲ್ಲದ್ದರಿಂದಲೇ ಎಂದು ಆಮೇಲೆ ಹೇಳಿದರು. ಚಂದಾಹಣವನ್ನು ಎಣಿಸಿ ಮೇಜಿನ ಮೇಲಿಟ್ಟು, ರಸೀತಿಯನ್ನು ಪಡೆದು, ಎದ್ದು ನಿಂತರು. ಬಾಗಿಲವರೆಗೆ ಹೋದವರು ಹಿಂದಿರುಗಿ, ಆ ಮನೆಯ ಅಡಿಗೆಯವರು ಜೋಳದ ರೊಟ್ಟಿ ಮಾಡುತ್ತಾರೆಯೇ ಎಂದು ಕೇಳಿದರು. ಉತ್ತರದ ಕಡೆ ಗೋಧಿಯ ರೊಟ್ಟಿಯೇ ಹೆಚ್ಚೆಂದು ತಿಳಿಸಿದೆವು. ಹಾಗಾದರೆ ದಸರೆಗೆ ಹುಡುಗ ಊರಿಗೆ ಬಂದು ಹಿಂದಿರುಗುವಾಗ ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಎರಡು ತಿಂಗಳಿಗೆ ಸಾಲುವಷ್ಟು ಕಟ್ಟಿ ಕಳುಹಿಸಬೇಕಾಗುವುದೆಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ಬಸ್ಸಿನ ನಿಲ್ದಾಣದ ಕಡೆಗೆ ನಡೆದರು.